ಮೂರು ದಿನದ ರಜೆ... ಯಾರಿಗೆ?

2025ರ ಆಗಸ್ಟ್ 14, ಗುರುವಾರ ರಾತ್ರಿ ಹತ್ತು ಗಂಟೆ. ಮಾರನೆಯ ದಿನ ಸ್ವಾತಂತ್ರ್ಯೋತ್ಸವ, ಅದರ ಬೆನ್ನಿಗೇ ಶನಿವಾರ, ಭಾನುವಾರ. ಬೇಗೂರಿನ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳ ಮುಂದೆ ಕಾರಿಗೆ ಚೀಲ ತುಂಬುವ ಸಡಗರ. ನಮ್ಮ ಮನೆಯವರು ಮಾತ್ರ ಊಟ ಮುಗಿಸಿ ಟಿವಿಯ ಮುಂದೆ ದಿಂಬು ಜೋಡಿಸಿಕೊಂಡರು. ಆಟದ ಪೆಟ್ಟಿಗೆಯ ನೀಲಿ ದೀಪ ಹೊತ್ತಿಕೊಂಡಿತು. “ಎಷ್ಟು ತಿಂಗಳಾಯ್ತು ಇದನ್ನು ಮುಟ್ಟಿ! ಒಂದು ಗಂಟೆ ಅಷ್ಟೇ” ಎಂದರು.

ಈ ‘ಒಂದು ಗಂಟೆ ಅಷ್ಟೇ’ ನಿಮಗೂ ಗೊತ್ತಿರುವ ಮಾತೇ ಅಲ್ಲವೇ? ಭಾನುವಾರ ರಾತ್ರಿ ಪೆಟ್ಟಿಗೆಯನ್ನು ಆರಿಸುವಾಗ ಅದೇ ಲೆಕ್ಕ ತೋರಿಸಿತು. ಆ ನಾಲ್ಕು ರಾತ್ರಿ, ಮೂರು ಹಗಲಿನಲ್ಲಿ ಇವರು ಆಡಿದ್ದು 31 ಗಂಟೆ.

ಇವರನ್ನು ದೂರುವ ಮೊದಲು ಇವರ ವಾರ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಬೊಮ್ಮನಹಳ್ಳಿ, ಸಿಲ್ಕ್ ಬೋರ್ಡ್ ದಾಟಿ ಹೊರವರ್ತುಲ ರಸ್ತೆಯ ಕಚೇರಿ ಸೇರುವಷ್ಟರಲ್ಲಿ ಒಂದೂವರೆ ಗಂಟೆ. ಬರುವಾಗ ಎರಡು ಗಂಟೆ. ಆ ಆಗಸ್ಟ್ ತಿಂಗಳಲ್ಲೇ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ನಮ್ಮ ಮೆಟ್ರೊದ ಹಳದಿ ಮಾರ್ಗ ಶುರುವಾಯಿತು. ಬೊಮ್ಮನಹಳ್ಳಿ, ಹೊಂಗಸಂದ್ರದವರೆಲ್ಲ ಸಂಭ್ರಮಪಟ್ಟರು. ಇವರ ಕಚೇರಿ ಆ ದಾರಿಯಲ್ಲಿಲ್ಲ. ರಾತ್ರಿ ಇವರು ಬಾಗಿಲು ತಟ್ಟುವ ಹೊತ್ತಿಗೆ ಐದು ವರ್ಷದ ಮಗಳು ನಿದ್ದೆ ಹೋಗಿರುತ್ತಾಳೆ. ಒಂಬತ್ತು ವರ್ಷದ ಮಗ ಕಣ್ಣು ಉಜ್ಜಿಕೊಳ್ಳುತ್ತಾ ಕಾಯುತ್ತಿರುತ್ತಾನೆ. ಇಂಥ ಮನುಷ್ಯನಿಗೆ ಮೂರು ದಿನ ಸಿಕ್ಕರೆ ತನ್ನಿಷ್ಟದ ಕೆಲಸ ಮಾಡಬೇಕೆನಿಸುವುದು ತಪ್ಪೇ? ಖಂಡಿತ ಅಲ್ಲ.

ಆದರೆ ಆ ಮೂರು ದಿನಗಳಲ್ಲಿ ನಮ್ಮ ಮನೆಯಲ್ಲಿ ಏನೇನಾಯಿತು, ಕೇಳಿ.

ಶುಕ್ರವಾರ ಜುಮಾ ನಮಾಝಿಗೆ ಹೋಗಿ ಬಂದವರು ಬಿರಿಯಾನಿಯ ತಟ್ಟೆಯನ್ನು ಟಿವಿಯ ಮುಂದೆಯೇ ತರಿಸಿಕೊಂಡರು. ಮಗನಿಗೆ ಶಾಲೆಯಲ್ಲಿ ‘ನಮ್ಮ ಊರು’ ಎಂಬ ಬರಹದ ಕೆಲಸ ಕೊಟ್ಟಿದ್ದರು. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ ಒಂದು ಶಾಸನವಿದೆ. ಕ್ರಿ.ಶ. 890ರ ಸುಮಾರಿನದು. ‘ಬೆಂಗಳೂರು’ ಎಂಬ ಹೆಸರು ಸಿಗುವ ಬಹಳ ಹಳೆಯ ಬರಹ ಅದೇ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರುನೂರು ವರ್ಷಕ್ಕೂ ಹಿಂದೆಯೇ ಈ ಹೆಸರಿತ್ತು ಎಂದು ಆ ಕಲ್ಲು ಹೇಳುತ್ತದೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. “ಅಬ್ಬು, ಕಲ್ಲು ನೋಡೋಕೆ ಹೋಗೋಣ” ಎಂದು ಮಗ ನಾಲ್ಕು ಸಲ ಕೇಳಿದ. “ಇದೊಂದು ಮಿಷನ್ ಮುಗೀಲಿ” ಎಂಬ ಉತ್ತರ ನಾಲ್ಕು ಸಲ ಬಂತು. ಕೊನೆಗೆ ನಾನು ಫೋನಿನಲ್ಲಿ ಚಿತ್ರ ಹುಡುಕಿ ಕೊಟ್ಟೆ. ಅವನು ಅದನ್ನೇ ನೋಡಿ ಬರೆದ.

ಶನಿವಾರ ರಾಮನಗರಕ್ಕೆ ಹೋಗಬೇಕಿತ್ತು. ಅಲ್ಲಿ ನನ್ನ ಅತ್ತೆ ಇದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಎದ್ದ ಇವರು, “ಮುಂದಿನ ವಾರ ಹೋಗೋಣ, ಇವತ್ತು ರಸ್ತೆ ತುಂಬಾ ವಾಹನ” ಎಂದು ಮತ್ತೆ ಕೂತರು. ಹನ್ನೊಂದಕ್ಕೆ ಅತ್ತೆಯ ಫೋನು. “ಎಲ್ಲಿದ್ದೀರಮ್ಮ? ಅಕ್ಕಿ ನೆನೆಸಿದ್ದೀನಿ...” ನಾನು ತಡವರಿಸಿದೆ. “ಇವರಿಗೆ ಕಚೇರಿ ಕೆಲಸ ಬಂತು ಅತ್ತೆ, ಬರೋಕಾಗಲ್ಲ” ಎಂದುಬಿಟ್ಟೆ. “ಪಾಪ, ರಜೆ ದಿನವೂ ಬಿಡೋಲ್ವಾ ಅವನನ್ನ?” ಎಂದು ಅವರು ಮಗನಿಗಾಗಿ ಮರುಗಿದರು.

ಫೋನಿಟ್ಟು ತಿರುಗಿದರೆ ನನ್ನ ಮಗ ಬಾಗಿಲಲ್ಲಿ ನಿಂತಿದ್ದ. ಏನೂ ಕೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿ ಒಳಗೆ ಹೋದ. ಸುಳ್ಳು ಹೇಳಬಾರದೆಂದು ಅವನಿಗೆ ದಿನವೂ ಹೇಳುವವಳು ನಾನೇ ಅಲ್ಲವೇ? 31 ಗಂಟೆ ಆಡಿದವರು ಇವರು. ಆದರೆ ಆ ಆಟಕ್ಕೆ ಪರದೆ ಕಟ್ಟಿದವಳು ನಾನು. ಇಂದಿಗೂ ನನ್ನನ್ನು ಚುಚ್ಚುವುದು ಆ ಒಂದು ಮಾತು.

ಉತ್ತರವಿಲ್ಲದ ಪ್ರಶ್ನೆ

ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಜಗಳವಾಯಿತು. ಇವರು ಕೇಳಿದ್ದು ಒಂದೇ ಪ್ರಶ್ನೆ. “ನಾನು ಕುಡಿಯಲ್ಲ, ಸಿಗರೇಟು ಸೇದಲ್ಲ, ಗೆಳೆಯರ ಜೊತೆ ಊರೂರು ಸುತ್ತಲ್ಲ. ಮನೆಯಲ್ಲೇ ನಿನ್ನ ಕಣ್ಮುಂದೆ ಕೂತು ಆಡಿದ್ದಕ್ಕೆ ಇಷ್ಟು ಮಾತಾ?”

ನಿಮ್ಮ ಮನೆಯವರೂ ಹೀಗೆ ಕೇಳಿರಬಹುದು. ಕೇಳಿದಾಗ ನೀವೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರಬಹುದು. ಮನೆಯಲ್ಲಿ ಇರುವುದು ಬೇರೆ, ಮನೆಯವರ ಜೊತೆ ಇರುವುದು ಬೇರೆ ಎಂಬುದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ! ಆ ಮೂರು ದಿನ ಅಡುಗೆ ಮನೆಗೆ ರಜೆ ಇರಲಿಲ್ಲ. ಬಟ್ಟೆ, ಪಾತ್ರೆ, ಮಗಳ ಜ್ವರದ ಔಷಧಿ ಯಾವುದಕ್ಕೂ ರಜೆ ಇರಲಿಲ್ಲ. ಒಬ್ಬರ ರಜೆಯ ಭಾರವನ್ನು ಇನ್ನೊಬ್ಬರು ಹೊತ್ತರೆ ಅದು ಮನೆಯ ರಜೆ ಹೇಗಾದೀತು?

ಆದರೆ ಸಿಟ್ಟಿನಲ್ಲಿ ನಾನೂ ಒಂದು ಕೆಲಸ ಮಾಡಿದೆ. ಇವರ ಲೆಕ್ಕ ಸಿಕ್ಕಿತಲ್ಲ, ನನ್ನದೂ ಇರಲಿ ಎಂದು ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನದ ಬಳಕೆಯ ಲೆಕ್ಕ ತೆರೆದೆ. ದಿನಕ್ಕೆ ಎರಡೂವರೆ ಗಂಟೆ! ಅದರಲ್ಲಿ ಅರ್ಧ ಬಣ್ಣದ ಮಿಠಾಯಿ ಜೋಡಿಸುವ ಆಟ. ಕುಕ್ಕರ್ ಕೂಗುವವರೆಗೆ, ಮಕ್ಕಳ ಶಾಲಾ ವ್ಯಾನು ಬರುವವರೆಗೆ, ನಿದ್ದೆ ಹತ್ತುವವರೆಗೆ ಎಂದು ಹನಿಹನಿಯಾಗಿ ಆಡಿದ್ದು ವಾರಕ್ಕೆ ಎಂಟು ಗಂಟೆ ದಾಟಿತ್ತು. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಡುವ ಅಪ್ಪಂದಿರು ಎಲ್ಲಿಂದ ಬಂದರು?

ವೀಡಿಯೊ ಗೇಮ್ ಎಂದರೆ ಮಕ್ಕಳ ಹುಚ್ಚು ಎಂದು ನಾವು ತಿಳಿದಿದ್ದೇವೆ. ಆದರೆ ಇಂದು ನಲವತ್ತರ ಆಸುಪಾಸಿನಲ್ಲಿರುವ ಗಂಡಸರನ್ನು ಕೇಳಿ ನೋಡಿ. ಜಪಾನಿನ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೊ’ ಬಂದದ್ದು 1985ರಲ್ಲಿ. ತೊಂಬತ್ತರ ದಶಕದಲ್ಲಿ ಅದರ ನಕಲು ಪೆಟ್ಟಿಗೆಗಳು ನಮ್ಮ ಊರುಗಳಿಗೂ ಬಂದವು. ಟಿವಿಗೆ ತಂತಿ ಸಿಕ್ಕಿಸಿ, ಹಳದಿ ಕ್ಯಾಸೆಟ್ ತುರುಕಿ, ಅದು ಓಡದಿದ್ದರೆ ಬಾಯಿಂದ ಊದಿ ಮತ್ತೆ ತುರುಕಿ ಆಡಿದ ಹುಡುಗರೇ ಇಂದಿನ ಅಪ್ಪಂದಿರು. ನನ್ನ ಅತ್ತೆ ಹೇಳುವಂತೆ ಇವರು ಅಂಗಡಿಯಲ್ಲಿ ಗಂಟೆಗೆ ಐದು ರೂಪಾಯಿ ಕೊಟ್ಟು ಆಡಿ ಬರುತ್ತಿದ್ದರಂತೆ. ಗಂಟೆ ಮುಗಿದೊಡನೆ ಅಂಗಡಿಯವನು ಸ್ವಿಚ್ ಆರಿಸಿಬಿಡುತ್ತಿದ್ದ!

ಆಮೇಲೆ ನೋಕಿಯಾ ಫೋನಿನ ಹಾವಿನ ಆಟ ಬಂತು. ಅದು 1997ರಲ್ಲಿ ಬಂದದ್ದು. ಅದೇ ವರ್ಷ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಕಂಪನಿ ಶುರುವಾಯಿತು. ಭಾರತದಲ್ಲಿ ವೀಡಿಯೊ ಗೇಮ್ ತಯಾರಿಕೆಗೆ ಹಾದಿ ಹಾಕಿದ್ದು ಅದೇ. 2019ರಲ್ಲಿ ಅದನ್ನು ಜಗತ್ತಿನ ದೊಡ್ಡ ಆಟದ ಕಂಪನಿಗಳಲ್ಲಿ ಒಂದಾದ ರಾಕ್‌ಸ್ಟಾರ್ ಕೊಂಡುಕೊಂಡಿತು. ಜಗತ್ತಿನ ಮನೆಮನೆಯಲ್ಲಿ ಆಡುವ ಆಟಗಳ ಒಂದಿಷ್ಟು ಭಾಗ ನಮ್ಮ ಊರಿನಲ್ಲೇ, ನಮ್ಮ ಮಕ್ಕಳ ಕೈಯಲ್ಲೇ ತಯಾರಾಗುತ್ತಿದೆ. ಚಿತ್ರ ಬರೆಯುವವರು, ಕಥೆ ಕಟ್ಟುವವರು, ಸಂಗೀತ ಹಾಕುವವರು ಎಲ್ಲರೂ ಅಲ್ಲಿದ್ದಾರೆ. ಆದ್ದರಿಂದ ಆಟವೆಂದರೆ ಬರೀ ಕೆಟ್ಟದ್ದು ಎಂದು ತಳ್ಳಿಹಾಕಿದರೆ ಮನೆಯಲ್ಲಿ ಯಾರೂ ನಮ್ಮ ಮಾತು ಕೇಳುವುದಿಲ್ಲ.

2020ರ ಲಾಕ್‌ಡೌನ್ ದಿನಗಳನ್ನು ನೆನಪಿಸಿಕೊಳ್ಳಿ. ‘ಲೂಡೊ ಕಿಂಗ್’ ಆಡದ ಮನೆ ಯಾವುದಿತ್ತು? ಊರಿನಲ್ಲಿದ್ದ ತಂಗಿ, ದುಬೈಯಲ್ಲಿದ್ದ ಅಣ್ಣ, ಬೆಂಗಳೂರಿನ ನಾವು ಒಂದೇ ಹಾಸಿನ ಸುತ್ತ ಕೂತಂತೆ ಆಡಿ ನಕ್ಕೆವು. ಅದೂ ವೀಡಿಯೊ ಗೇಮೇ. ಅಂದು ಅದು ನಮ್ಮನ್ನು ಕೂಡಿಸಿತ್ತು.

ಎದ್ದೇಳಲು ಬಿಡದ ಆಟ

ಹಾಗಾದರೆ ‘ಒಂದು ಗಂಟೆ’ ಏಕೆ ಒಂದು ಗಂಟೆಯಾಗಿ ಉಳಿಯುವುದಿಲ್ಲ?

ಮೊದಲನೆಯ ಕಾರಣ, ಆಟದ ಉದ್ದ. ಇವರು ಆಡುತ್ತಿದ್ದುದು 2018ರಲ್ಲಿ ಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’. ಕುದುರೆ, ಬಂದೂಕು, ಹಿಮದ ಬೆಟ್ಟಗಳ ಕಥೆ. ಮುಖ್ಯ ಕಥೆಯನ್ನಷ್ಟೇ ಮುಗಿಸಲು ಸುಮಾರು 50 ಗಂಟೆ ಬೇಕು. ಅಂದರೆ ಹದಿನೈದಕ್ಕೂ ಹೆಚ್ಚು ಸಿನಿಮಾಗಳಷ್ಟು. ನಡುವೆ ಎಲ್ಲಿ ನಿಲ್ಲಿಸಿದರೂ ಕಥೆ ಅರ್ಧಕ್ಕೇ ನಿಂತಂತೆ.

ಎರಡನೆಯದು, ಗೆಲುವಿನ ರುಚಿ. ಕಚೇರಿಯಲ್ಲಿ ಆರು ತಿಂಗಳು ದುಡಿದರೂ ಯಾರೂ ಭೇಷ್ ಎನ್ನದಿರಬಹುದು. ಆಟದಲ್ಲಿ ಐದು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತದೆ, ಅಂಕ ಏರುತ್ತದೆ. ಮಾಡಿದ ಕೆಲಸಕ್ಕೆ ಕೂಡಲೇ ಫಲ. ದಣಿದ ಮನಸ್ಸಿಗೆ ಇದಕ್ಕಿಂತ ಸಿಹಿ ಏನಿದೆ?

ಮೂರನೆಯದು, ಫಲ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿರುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿ ಕಂಡುಕೊಂಡಿದ್ದರು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತೊಡನೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಎಷ್ಟನೆಯ ಕುಕ್ಕಿಗೆ ಕಾಳು ಎಂದು ಗೊತ್ತಿಲ್ಲದ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ನನ್ನ ಮಿಠಾಯಿ ಆಟ ‘ಕ್ಯಾಂಡಿ ಕ್ರಷ್’ 2012ರಲ್ಲಿ ಬಂದದ್ದು. ಅದರಲ್ಲಿ ಐದು ‘ಲೈಫ್’ ಇರುತ್ತವೆ. ಸೋತು ಸೋತು ಮುಗಿದರೆ ಒಂದೊಂದು ಮರಳಿ ಬರಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ಕೊಡಬೇಕು. ಅರ್ಧ ಗಂಟೆಗೊಮ್ಮೆ ನಾನು ಫೋನನ್ನು ಏಕೆ ನೋಡುತ್ತಿದ್ದೆ ಎಂಬುದು ಈಗ ಅರ್ಥವಾಯಿತಲ್ಲ! ಅಂದಿನ ಅಂಗಡಿಯವನು ಸಮಯ ಮುಗಿದೊಡನೆ ಆಟ ನಿಲ್ಲಿಸುತ್ತಿದ್ದ. ಇಂದಿನ ಆಟಗಳಲ್ಲಿ ಹಾಗೆ ನಿಲ್ಲಿಸುವವರು ಯಾರೂ ಇಲ್ಲ. ನಾವೇ ನಿಲ್ಲಿಸಬೇಕು.

ಇಷ್ಟೆಲ್ಲ ನಡೆಯುವಾಗ ಮಕ್ಕಳು ಎಲ್ಲಿರುತ್ತಾರೆ? ನನ್ನ ಮಗ ಅಪ್ಪನ ಬೆನ್ನ ಹಿಂದೆ, ಸೋಫಾದ ತುದಿಯಲ್ಲಿ ಕೂತಿದ್ದ. ಆ ಆಟದ ಡಬ್ಬಿಯ ಮೇಲೆ ‘18’ ಎಂದು ದೊಡ್ಡದಾಗಿ ಅಚ್ಚಾಗಿದೆ. ಯುರೋಪಿನ ‘ಪೆಗಿ’ ಪದ್ಧತಿಯಲ್ಲಿ ಆಟಗಳಿಗೆ 3, 7, 12, 16, 18 ಎಂದು ವಯಸ್ಸಿನ ಗುರುತು ಹಾಕುತ್ತಾರೆ. ಅಮೆರಿಕದ್ದಾದರೆ ಅಕ್ಷರಗಳಿರುತ್ತವೆ. ‘ಇ’ ಎಂದರೆ ಎಲ್ಲರಿಗೂ, ‘ಟಿ’ ಎಂದರೆ 13 ದಾಟಿದವರಿಗೆ, ‘ಎಂ’ ಎಂದರೆ 17 ದಾಟಿದವರಿಗೆ. ಈ ಗುರುತು ಆಡುವ ಕೈಗಷ್ಟೇ ಅಲ್ಲ, ನೋಡುವ ಕಣ್ಣಿಗೂ ಅನ್ವಯಿಸುತ್ತದೆ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಅತಿಯಾಯಿತೇ, ಕಾಯಿಲೆಯಾಯಿತೇ?

ರಜೆಯಲ್ಲಿ ಮೂರು ದಿನ ಆಡಿದವರನ್ನೆಲ್ಲ ರೋಗಿಗಳೆಂದು ಕರೆಯುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಈ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮೂರು ಲಕ್ಷಣಗಳಿವೆ. ಒಂದು, ಯಾವಾಗ ಆಡಬೇಕು, ಎಷ್ಟು ಆಡಬೇಕು ಎಂಬ ಹಿಡಿತವೇ ತಪ್ಪುವುದು. ಎರಡು, ಊಟ, ನಿದ್ದೆ, ಸಂಸಾರ, ದುಡಿಮೆ ಎಲ್ಲಕ್ಕಿಂತ ಆಟವೇ ಮೊದಲಾಗುವುದು. ಮೂರು, ಹಾನಿಯಾಗುತ್ತಿದೆ ಎಂದು ಕಂಡರೂ ಬಿಡದೆ ಮುಂದುವರಿಸುವುದು. ಇವುಗಳಿಂದ ಬದುಕು ಗಂಭೀರವಾಗಿ ಹಳಿ ತಪ್ಪಿರಬೇಕು. ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ನಡೆದಿರಬೇಕು.

ಇಂಥ ಲಕ್ಷಣ ಮನೆಯಲ್ಲಿ ಕಂಡರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. ಫೋನು, ಅಂತರ್ಜಾಲ, ಆಟಗಳ ಹಿಡಿತಕ್ಕೆ ಸಿಕ್ಕವರಿಗೆ ಅಲ್ಲಿ ಸಲಹೆ, ಚಿಕಿತ್ಸೆ ಸಿಗುತ್ತದೆ. ಬೇರೆ ಊರಿನವರು 14416ಕ್ಕೆ ಕರೆ ಮಾಡಬಹುದು. ಇದು 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ. ಕನ್ನಡದಲ್ಲೂ ಮಾತನಾಡುತ್ತಾರೆ.

ಇನ್ನೊಂದು ಎಚ್ಚರಿಕೆ. ಆಟ ಬೇರೆ, ಜೂಜು ಬೇರೆ. ರಮ್ಮಿ, ಕ್ರಿಕೆಟ್ ತಂಡ ಕಟ್ಟುವುದು ಎಂದೆಲ್ಲ ಹೆಸರಿಟ್ಟು ಹಣ ಕಟ್ಟಿಸಿಕೊಳ್ಳುತ್ತಿದ್ದ ಆನ್‌ಲೈನ್ ಆಟಗಳನ್ನು ತಡೆಯಲು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಗಂಡನಾಗಲಿ ಬೆಳೆದ ಮಗನಾಗಲಿ ಆಟಕ್ಕೆಂದು ಪದೇ ಪದೇ ಹಣ ಹಾಕುತ್ತಿದ್ದರೆ, ಸಾಲ ಕೇಳುತ್ತಿದ್ದರೆ ಅದು ರಜೆಯ ಮನರಂಜನೆಯಲ್ಲ. ಕೂಡಲೇ ಹಿರಿಯರ ಗಮನಕ್ಕೆ ತನ್ನಿ.

ನಾವು ಮಾಡಿಕೊಂಡ ಒಪ್ಪಂದ

ನಮ್ಮ ಮನೆಯಲ್ಲಿ ಕಾಯಿಲೆಯೇನೂ ಇರಲಿಲ್ಲ. ಇದ್ದದ್ದು ಹೊಣೆ ತಪ್ಪಿದ ರಜೆ, ಅದನ್ನು ಮುಚ್ಚಲು ಹೇಳಿದ ಸುಳ್ಳು. ಒಂದು ಸಂಜೆ ನನ್ನ ಫೋನಿನ ಲೆಕ್ಕವನ್ನು ಮೊದಲು ಇವರ ಮುಂದಿಟ್ಟೆ. ಆಮೇಲೆ ಅತ್ತೆಯ ಫೋನಿನ ಮಾತು ಹೇಳಿದೆ. “ಅಕ್ಕಿ ನೆನೆಸಿದ್ರಾ?” ಎಂದು ಕೇಳಿದವರು ಬಹಳ ಹೊತ್ತು ಮಾತಾಡಲಿಲ್ಲ. ಸಿಟ್ಟಿನಲ್ಲಿ ಕೂಗಿದಾಗ ಕೇಳಿಸದ್ದು ಆ ದಿನ ಕೇಳಿಸಿತು. ಮುಂದಿನ ವಾರ ರಾಮನಗರಕ್ಕೆ ಹೋದಾಗ ಮಕ್ಕಳ ಎದುರಿಗೇ ಅತ್ತೆಗೆ ನಿಜ ಹೇಳಿದೆವು. ಅವರು ನಕ್ಕು ಮಗನ ಕಿವಿ ಹಿಂಡಿದರು. ನನ್ನ ಕಡೆ ತಿರುಗಿ, “ಇವನಿಗೋಸ್ಕರ ನೀನ್ಯಾಕಮ್ಮ ಸುಳ್ಳು ಹೇಳ್ತೀಯ?” ಎಂದರು.

ನಾವು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮನೆಗೆ ಹೊಂದುವುದನ್ನು ಆರಿಸಿಕೊಳ್ಳಿ.

* ರಜೆಗೆ ಮುಂಚೆ ಗುರುವಾರವೋ ಶುಕ್ರವಾರವೋ ಕೂತು ಮಾತಾಡಿ. ಆಟಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು, ಹಿರಿಯರಿಗೆ ಎಷ್ಟು ಎಂದು ಹಂಚಿಕೊಳ್ಳಿ. ಆಟದ ನಡುವೆ ಹೋಗಿ ಜಗಳ ತೆಗೆದರೆ ಫಲವಿಲ್ಲ.

* ಗಂಟೆಗಿಂತ ಅಧ್ಯಾಯದ ಲೆಕ್ಕ ಒಳ್ಳೆಯದು. ‘ಎರಡು ಮಿಷನ್ ಆದ ಮೇಲೆ ಏಳುವುದು’ ಎಂದರೆ ನಡುವೆ ಎಬ್ಬಿಸಿದ ಸಿಡುಕು ಇರುವುದಿಲ್ಲ.

* ನಿಮಗೂ ಅಷ್ಟೇ ಬಿಡುವು ಕೇಳಿ ಪಡೆಯಿರಿ. ಅವರಿಗೆ ಮೂರು ಗಂಟೆ ಆಟವಾದರೆ ನಿಮಗೂ ಮೂರು ಗಂಟೆ. ಓದಲು, ಮಲಗಲು, ತವರಿಗೆ ಹೋಗಿ ಬರಲು. ಆ ಹೊತ್ತಿನಲ್ಲಿ ಅಡುಗೆ, ಮಕ್ಕಳು ಅವರ ಪಾಲು.

* 18ರ ಗುರುತಿನ ಆಟ ಮಕ್ಕಳು ಮಲಗಿದ ಮೇಲೆ. ಹಗಲಿನಲ್ಲಿ ಮಕ್ಕಳ ಜೊತೆ ಆಡುವಂಥ ಓಟದ, ಚೆಂಡಿನ, ಒಗಟಿನ ಆಟ.

* ಊಟದ ತಟ್ಟೆ ಟಿವಿಯ ಮುಂದೆ ಹೋಗಬಾರದು. ನಮಾಝಿನ ಹೊತ್ತಿಗೆ ಪೆಟ್ಟಿಗೆ ಆರಬೇಕು. ದಿನಕ್ಕೆ ಐದು ಸಲ ಏಳಲೇಬೇಕಾದ ಮನೆಯಲ್ಲಿ ಆಟ ತಾನಾಗಿಯೇ ತುಂಡಾಗುತ್ತದೆ.

* ಯಾರಿಗಾಗಿಯೂ ಸುಳ್ಳು ಹೇಳಬೇಡಿ. ‘ಅವರು ಆಡುತ್ತಿದ್ದಾರೆ, ಆಮೇಲೆ ಮಾತಾಡುತ್ತಾರೆ’ ಎಂದುಬಿಡಿ. ಹಾಗೆ ಹೇಳಲು ನಾಚಿಕೆಯಾದರೆ ಆಟ ಅತಿಯಾಗಿದೆ ಎಂದೇ ಅರ್ಥ.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತು ಎಂದರೆ ಅದೂ ಸುಳ್ಳಾಗುತ್ತದೆ. ದಸರಾ ರಜೆಯಲ್ಲಿ ಒಪ್ಪಂದ ಎರಡು ಸಲ ಮುರಿಯಿತು. ಒಂದು ಸಲ ಮುರಿದವಳು ನಾನೇ! ಆದರೆ ಮುರಿದಾಗ ಹೇಳಿ ತೋರಿಸಲು ಒಂದು ಒಪ್ಪಂದವಾದರೂ ಇತ್ತು.

2026ರ ಜನವರಿ 26 ಸೋಮವಾರ ಬಂತು. ಮತ್ತೆ ಮೂರು ದಿನ. ಶನಿವಾರ ರಾಮನಗರ. ಭಾನುವಾರ ಮಧ್ಯಾಹ್ನ ಅಪ್ಪ ಮಗ ಕೂಡಿ ಕಾರು ಓಡಿಸುವ ಆಟ ಆಡಿದರು. ಮಗಳು ಯಾರ ಪರ ಎಂದು ತಿಳಿಯದೆ ಇಬ್ಬರಿಗೂ ಚಪ್ಪಾಳೆ ತಟ್ಟಿದಳು. ನಾನು ಬಾಗಿಲು ಹಾಕಿಕೊಂಡು ಎರಡು ಗಂಟೆ ನಿದ್ದೆ ಮಾಡಿದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಇವರು ತಮ್ಮ ಕುದುರೆ ಏರಿದರು. ಎರಡು ಮಿಷನ್ ಮುಗಿಸಿ ಇಳಿದರು.

ಸೋಮವಾರ ಬೆಳಿಗ್ಗೆ ಕಲ್ಲು ನೋಡಲು ಹೋದೆವು. ಶಾಲೆಯ ಬರಹಕ್ಕೆ ಅಂಕ ಸಿಕ್ಕು ತಿಂಗಳುಗಳೇ ಕಳೆದಿದ್ದರೂ ಮಗ ಮರೆತಿರಲಿಲ್ಲ. ಸವೆದ ಅಕ್ಷರಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಇವರು ಅವನಿಗೆ ವಿವರಿಸಿದರು. ಇದರಲ್ಲಿ ಬೆಂಗಳೂರಿನ ಕಾಳಗ ಎಂದಿದೆ, ಆ ಕಾಳಗದಲ್ಲಿ ಸತ್ತವರ ನೆನಪಿಗೆ ಬರೆಸಿದ ಕಲ್ಲು ಇದು ಎಂದರು.

ಮಗ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ. “ಅಬ್ಬು, ಅವರಿಗೆ ಒಂದೇ ಲೈಫ್ ಇತ್ತಾ?”

ಇವರು ನನ್ನ ಮುಖ ನೋಡಿದರು. ಆಮೇಲೆ ಮಗನ ತಲೆ ಸವರಿ, “ಹೌದು ಮಗಾ, ಎಲ್ಲರಿಗೂ ಒಂದೇ” ಎಂದರು.